ಸರ್ಟಿಫಿಕೇಟ್ ಕೊಡುವ ಮೊದಲು ಒಂದು ಮಹಜರು

ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ನಾನು ಕಾನೂನು ಪಾಠ ಮಾಡುತ್ತಿದ್ದೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವಲ್ಲ, ಆಮೇಲೆ ಠಾಣೆಗಳಿಂದ ಬ್ಯಾಚ್ ಮೇಲೆ ಬ್ಯಾಚ್ ಬರತೊಡಗಿತು. ಮೂರು ದಿನ ಪಾಠ, ಕೊನೇ ದಿನ 25 ಟಿಕ್ ಮಾರ್ಕ್ ಪ್ರಶ್ನೆ, ಗ್ರೂಪ್ ಫೋಟೊ, ಸರ್ಟಿಫಿಕೇಟ್. ಫೇಲಾದವರನ್ನು ನಾನಂತೂ ನೋಡಲಿಲ್ಲ. ಎಷ್ಟೋ ಸಲ ಪರೀಕ್ಷೆಗೆ ಮೊದಲೇ ಸರ್ಟಿಫಿಕೇಟುಗಳಿಗೆ ಸಹಿ ಬಿದ್ದು, ಮೇಜಿನ ಮೇಲೆ ಕೂತಿರುತ್ತಿದ್ದವು.

ಒಂದು ದಿನ ನಮ್ಮಲ್ಲಿ ಕಲಿತು ಹೋದ ಎಎಸ್‌ಐ ಒಬ್ಬರ ಫೋನ್ ಬಂತು. ‘ಸಾರ್, ಮಾಲು ಜಪ್ತಿ ಮಾಡಿದ್ದು ವಿಡಿಯೊ ಇದೆ. ಪಂಚರ ಸಹಿ ಹಾಕಿಸುವಾಗ ಮಾತ್ರ ಫೋನ್ ಜೇಬಲ್ಲಿತ್ತು. ಪರವಾಗಿಲ್ವಾ?’ ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂ ಪ್ರಕಾರ ಜಪ್ತಿ ಮಾಲಿನ ಪಟ್ಟಿ ಮಾಡುವುದು, ಪಂಚರ ಅಂದರೆ ಜಪ್ತಿಯ ಸಾಕ್ಷಿಗಳ ಸಹಿ ಎಲ್ಲವೂ ವಿಡಿಯೊದಲ್ಲಿ ಇರಬೇಕು. ಅವರ ಉತ್ತರಪತ್ರಿಕೆ ತೆಗೆಸಿ ನೋಡಿದೆ. ಆ ಪ್ರಶ್ನೆಗೆ ಟಿಕ್ ಸರಿಯಾಗೇ ಹಾಕಿದ್ದರು!

ಮುಂದಿನ ಬ್ಯಾಚಿಗೆ ಹಳೇ ಸ್ಟೋರ್ ರೂಮನ್ನೇ ಆರೋಪಿಯ ಮನೆ ಮಾಡಿದೆವು. ಒಂದು ಬೀರು, ಒಂದು ಕೆಟ್ಟ ಫೋನ್, ಮೆಸ್ಸಿನ ಇಬ್ಬರು ಅಡುಗೆಯವರೇ ಪಂಚರು. ಒಬ್ಬೊಬ್ಬರಿಗೆ 20 ನಿಮಿಷ. ಹುಡುಕಿ, ಪಟ್ಟಿ ಮಾಡಿ, ಸೀಲ್ ಹಾಕಿ, ಎಲ್ಲವನ್ನೂ ವಿಡಿಯೊ ಮಾಡಿಸಬೇಕು. ಆಮೇಲೆ ಆ ವಿಡಿಯೊಗೆ ಸಾಕ್ಷ್ಯ ಅಧಿನಿಯಮದ 63(4)ರ ಸರ್ಟಿಫಿಕೇಟಿನ, ಅಂದರೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡುವ ದೃಢೀಕರಣದ, ‘ಎ’ ಭಾಗ ತುಂಬಬೇಕು.

ಮೊದಲು ಎಡವಿದ್ದು ನಾನೇ. ಅಂಕಪಟ್ಟಿಯಲ್ಲಿ 40 ಅಂಶ ಬರೆದಿದ್ದೆ. ಒಂದೇ ವಿಡಿಯೊ ನೋಡಿ ನಾನು 31 ಕೊಟ್ಟರೆ, ಪಕ್ಕದಲ್ಲಿದ್ದ ಸಹೋದ್ಯೋಗಿ 22 ಕೊಟ್ಟರು. ‘ಸಮರ್ಪಕವಾಗಿ ವಿವರಿಸಿದರೇ?’ ಅಂತ ಕೇಳಿದರೆ ಇನ್ನೇನಾಗುತ್ತೆ, ಒಬ್ಬೊಬ್ಬರ ಸಮರ್ಪಕ ಒಂದೊಂದು ಥರ. ಕೂತು ಜಗಳಾಡಿ ಅದನ್ನು 12ಕ್ಕೆ ಇಳಿಸಿದೆವು. ಎಲ್ಲವೂ ಹೌದು-ಇಲ್ಲ ಪ್ರಶ್ನೆಗಳೇ. ‘ಪಂಚರು ಸಹಿ ಹಾಕುವುದು ಕಾಣುತ್ತದೆಯೇ?’ ‘ಪಟ್ಟಿಯ ನಂಬರೂ ಪ್ಯಾಕೆಟ್ ಮೇಲಿನ ನಂಬರೂ ಒಂದೇ ಇದೆಯೇ?’ ಇಂಥವು. ಅದರಲ್ಲಿ ನಾಲ್ಕು ಕಡ್ಡಾಯ. ಒಂದು ತಪ್ಪಿದರೂ ತರಬೇತಿಯ ಸರ್ಟಿಫಿಕೇಟ್ ಇಲ್ಲ.

ಜಾಸ್ತಿ ಜನ ಮುಗ್ಗರಿಸಿದ್ದು ‘ಎ’ ಭಾಗದಲ್ಲಿ ಬರೆಯಬೇಕಾದ ಹ್ಯಾಶ್ ಮೌಲ್ಯದಲ್ಲಿ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಫೈಲ್ ಚೂರು ಬದಲಾದರೂ ಅದೂ ಬದಲಾಗುತ್ತೆ. ಎಸ್‌ಎಚ್‌ಎ256 ಅನ್ನುವ ವಿಧಾನದಲ್ಲಿ ತೆಗೆದರೆ ಅದು 64 ಅಕ್ಷರ-ಅಂಕಿಗಳ ಸಾಲು. ಒಬ್ಬರು ಸ್ಕ್ರೀನ್ ನೋಡಿ ಪೆನ್ನಲ್ಲಿ ಬರೆದಿದ್ದರು. ಎಣಿಸಿದೆ, 63! ಇನ್ನೊಬ್ಬರು ವಿಡಿಯೊವನ್ನು ವಾಟ್ಸಾಪಲ್ಲಿ ಕಂಪ್ಯೂಟರಿಗೆ ಕಳಿಸಿಕೊಂಡು ಹ್ಯಾಶ್ ತೆಗೆದಿದ್ದರು. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸುತ್ತೆ, ಹ್ಯಾಶೇ ಬೇರೆ ಬರುತ್ತೆ. ನಾಳೆ ಕೋರ್ಟಲ್ಲಿ ಡಿಫೆನ್ಸ್ ವಕೀಲರಿಗೆ ಅಷ್ಟು ಸಾಕಲ್ವಾ?

ಮೊದಲ ಬ್ಯಾಚಿನ 36 ಜನರಲ್ಲಿ 14 ಮಂದಿಗೆ ಸರ್ಟಿಫಿಕೇಟ್ ಸಿಗಲಿಲ್ಲ. ಗಲಾಟೆ ಆಯಿತು. ‘ಇನ್ನೆರಡು ವರ್ಷಕ್ಕೆ ರಿಟೈರ್ ಆಗೋನಿಗೆ ಈ ಅವಮಾನ ಬೇಕಿತ್ತಾ ಸಾರ್?’ ಅಂತ ಹಿರಿಯರೊಬ್ಬರು ಕೇಳಿದರು. ಮಾತು ಚುಚ್ಚಿತು. ‘ಫೇಲ್’ ಅನ್ನುವ ಪದವನ್ನೇ ತೆಗೆದೆವು. ತಪ್ಪಿದ ಅಂಶವನ್ನಷ್ಟೇ ಮರುದಿನ ಬೆಳಿಗ್ಗೆ ಮತ್ತೆ ಮಾಡಬಹುದು ಅಂದೆವು. ಹಾಜರಾತಿಗೆ ಬೇರೆ ಪತ್ರ ಕೊಟ್ಟೆವು, ಠಾಣೆಗೆ ತೋರಿಸಲು ಏನಾದರೂ ಬೇಕಲ್ಲ. ಆ ಹಿರಿಯರು ಮರುದಿನ ವಿಡಿಯೊ ಮಾಡುವ ಹುಡುಗನನ್ನು ಗದರುವುದೂ ರೆಕಾರ್ಡ್ ಆಗಿದೆ: ‘ಏಯ್, ನನ್ ಮುಖ ಬಿಡು, ಸಹಿ ತೋರ್ಸು!’

ತೊಡಕು ಉಳಿದದ್ದು ಸಮಯದ್ದು. 36 ಜನ, ತಲಾ 20 ನಿಮಿಷ ಅಂದರೆ 12 ಗಂಟೆ. ಎರಡು ರೂಮು ಮಾಡಿದರೂ ಸಾಲಲಿಲ್ಲ. ಕೊನೆಗೆ ನನ್ನದೇ ಒಂದು ಪಾಠಕ್ಕೆ ಕತ್ತರಿ ಹಾಕಿದೆ, ಕೊಲೆಯ ಹಳೇ ಕಲಂ 302 ಈಗ 103, ವಂಚನೆಯ 420 ಈಗ 318 ಅಂತ ಹೇಳಿಕೊಡುವ ಅರ್ಧ ದಿನದ ಪಾಠಕ್ಕೆ. ಆ ಚಾರ್ಟನ್ನು ಮೆಸ್ಸಿನ ಗೋಡೆಗೆ ಅಂಟಿಸಿದೆವು, ಊಟಕ್ಕೆ ಕ್ಯೂ ನಿಂತಾಗ ಓದಿಕೊಳ್ಳಲಿ ಅಂತ.