ಕನಸು ಕೊಟ್ಟಿದ್ದು ಒಂದು ಅಂಗೈ

ಅಡಿಕೆಗೊನೆ ಕೊಯ್ಯುವ ಸಮಯ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಮಲಗಿದವಳಿಗೆ ಬೆಳಗಿನ ಜಾವ ಒಂದು ಕನಸು ಬಿತ್ತು. ಅಂಗಳದ ತುದಿಗೆ ಯಾರೋ ಒಬ್ಬ ಬಂದು ನಿಂತಿದ್ದಾನೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಡ ಕೇಳುತ್ತಿದ್ದಾನೆ. ಗುರುತು ಹತ್ತಲಿಲ್ಲ. ಕೊಟ್ಟೆ. ಅವನು ಚಾಚಿದ ಅಂಗೈ ತುಂಬ ಚೊಗರಿನ, ಅಂದರೆ ಅಡಿಕೆಯ ಒಗರು ರಸದ ಕಲೆ, ಒಂದೊಂದು ಗೆರೆಯೂ ಕಪ್ಪಾಗಿ ಎದ್ದಿತ್ತು. ಅವನು ಬೇಲಿಬಾಗಿಲ ದಣಪೆ ದಾಟಿದ ಮೇಲೆ ಹೊಳೆಯಿತು, ಅದು ನಮ್ಮನೆಯವರ ಕೈ! ಕೂಗಲು ಹೋದರೆ ಸ್ವರವೇ ಹೊರಡಲಿಲ್ಲ.

ಎಚ್ಚರಾದಾಗ ಅವರು ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದರು. ಆದರೂ ನನ್ನ ಎದೆಯ ಸಂಕಟ ಇಳಿಯಲಿಲ್ಲ.

ಮದುವೆಯಾಗಿ 16 ವರ್ಷ. ಅಷ್ಟರಲ್ಲಿ ನಾನು ಬರೆದ ಪ್ರೇಮಕವಿತೆಗಳಿಗೆ ಲೆಕ್ಕವಿಲ್ಲ, ಇವರ ಮೇಲೆ ಬರೆದದ್ದು ಒಂದೂ ಇಲ್ಲ. ದಿನಾ ಕಣ್ಣೆದುರು ಇರುವವರ ಮೇಲೆ ಏನು ಬರೆಯುವುದು ಎಂದುಕೊಂಡಿದ್ದೆ. ಕನಸು ಅವರನ್ನು ಹತ್ತು ಮಾರು ದೂರ ನಿಲ್ಲಿಸಿ ತೋರಿಸಿತು.

ಅವತ್ತೇ ಒಲೆ ಮುಂದೆ ಕೂತು ಮೂವತ್ತು ಸಾಲು ಬರೆದೆ. ಸಂಜೆ ಓದಿದರೆ ಅದರಲ್ಲಿ ವಿರಹ ಇತ್ತು, ಬೆಳದಿಂಗಳು ಇತ್ತು, ‘ಕನಸು’ ಎಂಬ ಪದವೇ ನಾಲ್ಕು ಕಡೆ ಇತ್ತು. ಆ ಕೈ ಮಾತ್ರ ಎಲ್ಲೂ ಇರಲಿಲ್ಲ. ಕನಸಿನ ಅರ್ಥ ಹೇಳುವ ಅವಸರದಲ್ಲಿ ಕಂಡದ್ದನ್ನೇ ಬಿಟ್ಟುಬಿಟ್ಟಿದ್ದೆ.

ಆಗ ದಾರಿ ತೋರಿಸಿದ್ದು ಅಕ್ಕಮಹಾದೇವಿ. ‘ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ’ ಎಂಬ ವಚನವನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಈ ಸಲ ಬೇರೆ ಕಣ್ಣಿಂದ ಓದಿದೆ. ಅವಳು ಮೊದಲು ಕಾಣುವುದು ಚೆನ್ನಮಲ್ಲಿಕಾರ್ಜುನನನ್ನಲ್ಲ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ! ಮದುವೆಮನೆಯ ಸಾಮಾನು. ಆಮೇಲೆ ಚಿಕ್ಕ ಜಡೆಗಳ, ಸುಲಿಪಲ್ಲಿನ ಗೊರವ, ಶಿವನ ಹೆಸರಲ್ಲಿ ತಿರಿಯುವವನು, ಭಿಕ್ಷೆಗೆ ಬರುತ್ತಾನೆ. ಮೀರಿ ಹೋಗುವವನನ್ನು ಬೆಂಬತ್ತಿ ಅವಳು ಕೈಹಿಡಿಯುತ್ತಾಳೆ. ಹೆಸರು ಬರುವುದು ಕೊನೆಯ ಸಾಲಿನಲ್ಲಿ, ಕಣ್ಣು ತೆರೆಯುವ ಹೊತ್ತಿಗೆ. ಪ್ರೀತಿ ಎಂಬ ಮಾತನ್ನು ಅವಳು ಎಲ್ಲೂ ಆಡುವುದಿಲ್ಲ. ಹನ್ನೆರಡನೇ ಶತಮಾನದ ಉಡುತಡಿಯ ಹುಡುಗಿ ಕನಸಿನಲ್ಲೂ ಅಡಿಕೆಯನ್ನು ಮರೆಯಲಿಲ್ಲವಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

ಅಂದಿನಿಂದ ದಿಂಬಿನ ಕೆಳಗೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇಟ್ಟುಕೊಂಡೆ. ಎಚ್ಚರಾದ ಕೂಡಲೇ ಮಗ್ಗುಲು ಬದಲಿಸುವುದಿಲ್ಲ, ಲೈಟು ಹಾಕುವುದಿಲ್ಲ, ಮೊಬೈಲ್ ಅಂತೂ ಮುಟ್ಟುವುದೇ ಇಲ್ಲ. ಮಗ್ಗುಲು ಬದಲಿಸಿದರೆ ಅರ್ಧ ಕನಸು ಹೋಯಿತೆಂದೇ ಲೆಕ್ಕ, ನನಗಂತೂ ಹಾಗೆ. ಕೊನೆಗೆ ಕಂಡದ್ದರಿಂದ ಹಿಂದಕ್ಕೆ ನೆನೆಯುತ್ತ ಬರೀ ವಸ್ತುಗಳ ಹೆಸರು ಗೀಚುತ್ತೇನೆ. ಅಂಗೈ. ಚೊಗರು. ಕತ್ತಿ. ದಣಪೆ. ಅರ್ಥಕ್ಕೆ ಆಗ ಜಾಗ ಕೊಡುವುದಿಲ್ಲ. ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತು ಹೊಡೆಯುತ್ತದೆ. ಕಣ್ಣಾಲಿ ಓಡಾಡುವ ಕನಸಿನ ಹೊತ್ತು ಪ್ರತಿ ಸುತ್ತಿನಲ್ಲೂ ಇದ್ದರೂ ಬೆಳಗಾಗುತ್ತ ಅದು ಉದ್ದವಾಗುತ್ತದೆ. ಆ ಉದ್ದ ಕನಸಿನ ನಡುವೆಯೇ ಎಚ್ಚರಾಗುವುದರಿಂದ ಇರಬೇಕು, ಅಡಿಕೆ ಬೇಯಿಸಲು ನಾಲ್ಕಕ್ಕೆ ಏಳುವ ದಿನಗಳಲ್ಲಿ ನನ್ನ ಪುಸ್ತಕ ಬೇಗ ತುಂಬುತ್ತದೆ.

ಆದರೆ ಗೀಚಿದ್ದು ಪದ್ಯವಲ್ಲ. ಸ್ಫೂರ್ತಿ ಬಂದಾಗ ಬರೆದದ್ದನ್ನು ತಿದ್ದಬಾರದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕವಿಯ ದಿನಚರಿ ಹೇಳುವ ಹಳೆಯ ಸಂಸ್ಕೃತ ಕವಿ ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಮನಸ್ಸು ತಿಳಿಯಾಗಿ ಅರ್ಥಗಳು ಕಾಣುತ್ತವೆ ಎನ್ನುತ್ತಾನೆ. ಅದೇ ಮನುಷ್ಯ, ರಸಾವೇಶದಲ್ಲಿ ಬರೆಯುವವನಿಗೆ ವಿವೇಚಿಸುವ ಕಣ್ಣಿರುವುದಿಲ್ಲ, ಆದ್ದರಿಂದ ಬೆಳಿಗ್ಗೆ ಬರೆದದ್ದನ್ನು ಆಮೇಲೆ ಪರೀಕ್ಷೆ ಮಾಡು, ಹೆಚ್ಚಾದದ್ದನ್ನು ತೆಗೆ, ಕಡಿಮೆಯಾದದ್ದನ್ನು ತುಂಬು ಎಂದೂ ಹೇಳುತ್ತಾನೆ. ನಾನು ಹತ್ತು ದಿನ ಬಿಡುತ್ತೇನೆ. ಆ ಮೂವತ್ತು ಸಾಲಿನಲ್ಲಿ ‘ಕನಸು’ ಹೊಡೆದುಹಾಕಿದೆ, ಬೆಳದಿಂಗಳು ಹೋಯಿತು, ‘ಸಂಕಟ’ವೂ ಹೋಯಿತು. ಬಿಟ್ಟುಹೋಗಿದ್ದ ಅಂಗೈ, ಕತ್ತಿ, ದಣಪೆ ಒಳಗೆ ಬಂದವು. ಕೊನೆಗೆ ನಿಂತದ್ದು ಇಷ್ಟು:

ಯಾರದೋ ಕೈಯೆಂದು ಕತ್ತಿ ಕೊಟ್ಟೆ,
ಅಂಗೈಯ ಚೊಗರಲ್ಲಿ ಗೆರೆಗಳೆದ್ದವು.
ಹೆಸರು ಕೇಳುವ ಮೊದಲೆ ದಣಪೆ ದಾಟಿ
ಹೋದವನ ಬೆನ್ನಿಗೆ ಬೆಳಕು ಬಿತ್ತು.

ಕೊನೆಯ ಸಾಲಿನ ಬೆಳಕು ಕನಸಿನಲ್ಲಿ ಇರಲಿಲ್ಲ. ಅದು ಎಚ್ಚರದಲ್ಲಿ ಬಂದದ್ದು, ಅಡಿಕೆ ಹಂಡೆಯ ಬೆಂಕಿ ಮುಂದೆ ಅವರು ಬಗ್ಗಿ ಕಟ್ಟಿಗೆ ಒಟ್ಟುತ್ತಿದ್ದಾಗ. ಕನಸು ಅಂಗೈ ತೋರಿಸಿರದಿದ್ದರೆ ಆ ಬೆನ್ನನ್ನು ನಾನು ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಾ ಕೊಡುವಾಗ ಆ ಹಾಳೆಯನ್ನೂ ಕೊಟ್ಟೆ. ಕೈ ಒರೆಸಿಕೊಂಡು, ಹಾಳೆಯ ಅಂಚನ್ನಷ್ಟೇ ಹಿಡಿದು ಎರಡು ಸಲ ಓದಿದರು. ಚಾ ಆರಿತು.

“ಅವ ತಿರುಗಿ ನೋಡಲೇ ಇಲ್ವೇನೇ?” ಎಂದರು.

ಈ ಕೊಯ್ಲಿನಲ್ಲಿ ಅದನ್ನು ಬರೆಯುತ್ತಿದ್ದೇನೆ.