ಹಳೆಯ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಎರಡೇ ತಂತಿ, ನೂರೆಂಟು ಎಡವಟ್ಟು

ಹಳೆಯ ಕಾರಿನಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ಪಾಯಿಂಟ್ (ಪ್ರತಿ ಕಿಡಿಗೂ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು) ಮತ್ತು ಅದರ ಜೊತೆಗಿನ ಕಂಡೆನ್ಸರ್ ತೆಗೆದು, ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಆದರೂ ಹೊಸ ಮಾಡ್ಯೂಲನ್ನು ಮೊದಲ ದಿನವೇ ಸುಟ್ಟುಕೊಂಡು ‘ಮಾಲೇ ಸರಿಯಿಲ್ಲ’ ಎಂದು ಗೊಣಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ತಪ್ಪು ಬಹುತೇಕ ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ಹತ್ತಿರವೇ ಆಗಿರುತ್ತದೆ.

ಮೊದಲು ಬ್ಯಾಟರಿಯ ಯಾವ ತುದಿ ಕಾರಿನ ಲೋಹದ ಮೈಗೆ ಸೇರಿದೆ ನೋಡಿ. 1960ರ ದಶಕದ ಮಧ್ಯಭಾಗದವರೆಗಿನ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿ ಮೈಗೆ ಸೇರಿರುವುದು ಸಾಮಾನ್ಯ. ಅವಕ್ಕೆ ಬೇರೆಯೇ ಮಾಡ್ಯೂಲ್ ಬೇಕು; ಮುಂದಿನ ಮಾತೆಲ್ಲ ಮೈನಸ್ ತುದಿ ಮೈಗೆ ಸೇರಿದ ಕಾರುಗಳಿಗೆ.

ಇನ್ನು ಪಾಯಿಂಟ್ ಬಿಚ್ಚುವ ಮುನ್ನವೇ ಮಾಡಬೇಕಾದ ಪರೀಕ್ಷೆ. ಅನೇಕ ಕಾರುಗಳಲ್ಲಿ ಕೀಲಿಗೂ ಕಾಯಿಲ್‌ಗೂ ನಡುವೆ ಬಲಾಸ್ಟ್ ರೆಸಿಸ್ಟರ್ ಇರುತ್ತದೆ. ಎಂಜಿನ್ ಓಡುವಾಗ ಕಾಯಿಲ್‌ಗೆ 12 ವೋಲ್ಟ್ ಬದಲು 6ರಿಂದ 9 ವೋಲ್ಟ್ ಮಾತ್ರ ಸಿಗುವಂತೆ ಮಾಡುವುದು ಅದರ ಕೆಲಸ. ಜನ ಕೀಲಿ ತಿರುಗಿಸಿ, ಕಾಯಿಲ್‌ನ ಪ್ಲಸ್ ತುದಿಗೆ ಮೀಟರ್ ಹಿಡಿದು, 12 ಕಂಡೊಡನೆ ‘ಬಲಾಸ್ಟ್ ಇಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಆಗ ಪಾಯಿಂಟ್ ತೆರೆದಿದ್ದರೆ ಆ 12ಕ್ಕೆ ಅರ್ಥವೇ ಇಲ್ಲ. ನಲ್ಲಿ ಮುಚ್ಚಿದ್ದಾಗ ಕಿರಿದಾದ ಪೈಪಿನ ತುದಿಯಲ್ಲೂ ಪೂರ್ತಿ ಒತ್ತಡ ಇರುವುದಿಲ್ಲವೇ, ಹಾಗೆ. ಕರೆಂಟು ಹರಿದಾಗಲೇ ಬಲಾಸ್ಟ್ ತನ್ನ ಪಾಲನ್ನು ಕಿತ್ತುಕೊಳ್ಳುವುದು. ಆದ್ದರಿಂದ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಪಾಯಿಂಟ್ ಎರಡೂ ಮುಖ ಕೂಡಿರುವಲ್ಲಿ ನಿಲ್ಲಿಸಿ. ಈಗ ಅಳೆಯಿರಿ. ಹನ್ನೆರಡರ ಆಸುಪಾಸಿದ್ದರೆ ಬಲಾಸ್ಟ್ ಇಲ್ಲ, ಆರೇಳಕ್ಕೆ ಇಳಿದರೆ ಇದೆ. ಹತ್ತು ಸೆಕೆಂಡಿನೊಳಗೆ ಕೀಲಿ ತೆಗೆಯಿರಿ, ಕಾಯಿಲ್ ಬಿಸಿಯಾಗುತ್ತದೆ.

ಬಳಿಕ ಕಾಯಿಲ್‌ನ ತಂತಿಗಳನ್ನು ಕಳಚಿ, ಪ್ಲಸ್–ಮೈನಸ್ ನಡುವೆ ಓಮ್ ಅಳೆಯಿರಿ. 3 ಓಮ್ ಇದ್ದರೆ 12 ವೋಲ್ಟ್‌ಗೆ 4 ಆಂಪಿಯರ್ ಹರಿಯುತ್ತದೆ, ತೊಂದರೆಯಿಲ್ಲ. 1.5 ಓಮ್ ಕಾಯಿಲ್‌ಗೆ ಬಲಾಸ್ಟ್ ತಪ್ಪಿಸಿ ನೇರ ಕೊಟ್ಟರೆ 8 ಆಂಪಿಯರ್. ಸಾಮಾನ್ಯ ಮಾಡ್ಯೂಲ್ ಸಾಯುವುದು ಹೀಗೆಯೇ.

ಬ್ಯಾಟರಿ ತಂತಿ ಕಳಚಿ, ರೋಟರ್ (ಸುತ್ತುತ್ತಾ ಒಂದೊಂದೇ ಪ್ಲಗ್ಗಿಗೆ ಕಿಡಿ ದಾಟಿಸುವ ತುಂಡು) ನಿಂತ ದಿಕ್ಕಿಗೆ ಗುರುತು ಹಾಕಿ, ಪಾಯಿಂಟ್ ತೆಗೆದು, ಮಾಡ್ಯೂಲ್ ಮತ್ತು ಮ್ಯಾಗ್ನೆಟ್ ಉಂಗುರ ಕೂರಿಸಿ. ಮಾಡ್ಯೂಲ್ ಕೂರುವ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಹೋಗುವ ಪುಟ್ಟ ಹೆಣೆದ ಅರ್ಥ್ ತಂತಿ ಅರ್ಧ ಹರಿದಿದ್ದರೆ ಈಗಲೇ ಬದಲಿಸಿ. ಎಂಜಿನ್ನಿನ ವ್ಯಾಕ್ಯೂಮ್ (ನಿರ್ವಾತದ ಸೆಳೆತ) ಎಳೆದಾಗ ಪ್ಲೇಟ್ ಸರಿಯುತ್ತದೆ. ಒಳಗಿನ ತಂತಿಗಳಿಗೆ ಅಷ್ಟು ಸಡಿಲ ಬಿಡಿ, ತಿರುಗುವ ಶಾಫ್ಟಿಗೆ ಮಾತ್ರ ತಾಗದಿರಲಿ.

ಕಪ್ಪು ತಂತಿ ಕಾಯಿಲ್‌ನ ಮೈನಸ್‌ಗೆ. ಕೆಂಪು ತಂತಿ, ಬಲಾಸ್ಟ್ ಇಲ್ಲದಿದ್ದರೆ ಕಾಯಿಲ್‌ನ ಪ್ಲಸ್‌ಗೆ. ಇದ್ದರೆ ಬಲಾಸ್ಟ್‌ನ ಕೀಲಿ ಕಡೆಯ ತುದಿಗೆ. ಕಾಯಿಲ್ ಎಂದಿನಂತೆ ಬಲಾಸ್ಟ್‌ನ ಮೂಲಕವೇ ಕರೆಂಟು ಪಡೆಯಲಿ. ಕೆಲವು ಕಾರುಗಳಲ್ಲಿ ಬಲಾಸ್ಟ್ ಎಂಬುದು ತಂತಿಗಳ ಕಟ್ಟಿನೊಳಗೆ ಅಡಗಿದ ಒಂದು ಉದ್ದನೆಯ ತಂತಿ. ಅಲ್ಲಿ ಕೆಂಪು ತಂತಿಗೆ ಫ್ಯೂಸ್ ಪೆಟ್ಟಿಗೆಯಿಂದ ಹೊಸ ತಂತಿ ಎಳೆಯಿರಿ, ಆದರೆ ರೇಡಿಯೊ ಫ್ಯೂಸಿನಿಂದ ಬೇಡ. ಸ್ಟಾರ್ಟರ್ ತಿರುಗುವಾಗ ಆ ಫ್ಯೂಸಿಗೆ ಕರೆಂಟು ಇಲ್ಲದಿದ್ದರೆ, ಕೀಲಿ ಬಿಟ್ಟ ಕ್ಷಣದಲ್ಲಿ ಮಾತ್ರ ಎಂಜಿನ್ ಒಮ್ಮೆ ಕೆಮ್ಮಿ ನಿಲ್ಲುತ್ತದೆ. ತಂತಿಯ ಮೇಲೆ ಒತ್ತಿ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ನನ್ನ ಕಣ್ಣೆದುರು ಬಳಸಬೇಡಿ. ಅಗ್ಗದ ರೋಟರ್‌ಗಳೂ ಅಷ್ಟೇ: ಹಿತ್ತಾಳೆ ಪಟ್ಟಿಯ ಕೆಳಗಿನ ರಿವೆಟ್ ಮೂಲಕ ಕಿಡಿ ಶಾಫ್ಟಿಗೆ ಹಾರಿ, ನೀವು ಮಾಡ್ಯೂಲನ್ನು ಬೈಯುತ್ತೀರಿ. ತಾಮ್ರದ ಪ್ಲಗ್ ವೈರುಗಳಿದ್ದರೆ ಅವೂ ಹೋಗಿ, ಕಾರ್ಬನ್ ವೈರು ಬರಲಿ.

ಎಂಜಿನ್ ಹಚ್ಚಿದ ಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, ಟೈಮಿಂಗ್ ಲೈಟ್ (ಕಿಡಿ ಬೀಳುವ ಕ್ಷಣವನ್ನು ತೋರುವ ದೀಪ) ಹಿಡಿದು ಕೈಪಿಡಿಯ ಅಂಕಿಗೆ ಸರಿಮಾಡಿ. ಹಳೆಯ ಗುರುತನ್ನೇ ನಂಬಬೇಡಿ, ಮಾಡ್ಯೂಲ್ ಕಿಡಿ ಕೊಡುವ ಜಾಗ ಪಾಯಿಂಟ್ ತೆರೆಯುತ್ತಿದ್ದ ಜಾಗವೇ ಆಗಿರಬೇಕಿಲ್ಲ. ಬಿಚ್ಚಿದ ಪಾಯಿಂಟ್, ಕಂಡೆನ್ಸರ್, ಒಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಮತ್ತು ಸ್ಕ್ರೂಡ್ರೈವರ್ ಡಿಕ್ಕಿಯಲ್ಲಿ ಇರಲಿ, ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟರೆ ಬೇಕು.