ಸಿನಿಮಾ ಕತ್ತಿಗೆ ದುಡ್ಡು ಸುರಿಯುವ ಮುಂಚೆ

ಸಿನಿಮಾದ ಕತ್ತಿ, ಹೆಲ್ಮೆಟ್, ಮಂತ್ರದಂಡಗಳ ಅಧಿಕೃತ ನಕಲಿಗೆ ಕೇಳುವ ರೇಟು ನೋಡಿದರೆ ನಮ್ಮ ತೀರ್ಥಹಳ್ಳಿ ಕಡೆಯವರು ತಕ್ಷಣ ಅಡಿಕೆ ಲೆಕ್ಕ ಹಾಕುತ್ತಾರೆ. ಕೊಳ್ಳಬಹುದಾ? ಕೆಲವನ್ನು ಕೊಳ್ಳಬಹುದು. ಆದರೆ ಲೈಸೆನ್ಸ್ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ.

ಲೈಸೆನ್ಸ್ ಅಂದರೆ ಸ್ಟುಡಿಯೋದವರು ದುಡ್ಡು ತಗೊಂಡು ಒಪ್ಪಿಗೆ ಕೊಟ್ಟಿದ್ದಾರೆ ಅಂತ. ಅಳತೆ ಸರಿ ಇದೆ, ಲೋಹ ಗಟ್ಟಿ ಇದೆ ಅಂತ ಅಲ್ಲ. ಅದನ್ನು ನೀವೇ ನೋಡಬೇಕು, ಅದಕ್ಕೆ ಮೊದಲು ಅಸಲಿ ಪ್ರಾಪ್, ಅಂದರೆ ಶೂಟಿಂಗಲ್ಲಿ ಬಳಸಿದ ಸಾಮಾನು, ಯಾವುದರಿಂದ ಮಾಡಿದ್ದು ಅಂತ ಹುಡುಕಿ. 1977ರ ಸ್ಟಾರ್ ವಾರ್ಸ್‌ನಲ್ಲಿ ಹೀರೋ ಲ್ಯೂಕ್ ಹಿಡಿದಿದ್ದ ಲೈಟ್‌ಸೇಬರ್, ಅಂದರೆ ಬೆಳಕಿನ ಕತ್ತಿ, ಅದರ ಹಿಡಿ ಏನು ಗೊತ್ತಾ? ಗ್ರಾಫ್ಲೆಕ್ಸ್ ಅನ್ನೋ ಹಳೇ ಕ್ಯಾಮೆರಾದ ಫ್ಲಾಶ್ ಹಿಡಿ, ಅದಕ್ಕೆ ಕಪ್ಪು ಪಟ್ಟಿ ಅಂಟಿಸಿ, ಕ್ಯಾಲ್ಕುಲೇಟರಿನಿಂದ ಕಿತ್ತ ಗುಳ್ಳೆಗುಳ್ಳೆ ಪ್ಲಾಸ್ಟಿಕ್ ಚೂರೊಂದನ್ನು ಸಿಕ್ಕಿಸಿದ್ದು. ಇಷ್ಟು ತಿಳಿದಿದ್ದರೆ ಮಾರಾಟಕ್ಕಿರುವ ನಕಲಿನ ಫೋಟೋ ನೋಡಿದ ಕೂಡಲೇ ಎಲ್ಲಿ ಕೆಲಸ ಕದ್ದಿದ್ದಾರೆ ಅಂತ ಗೊತ್ತಾಗುತ್ತದೆ. ದೀಪ, ಸದ್ದು ಎಲ್ಲಾ ಬೇಕು ಅಂದರೆ ಒಳಗೆ ಸ್ಪೀಕರಿಗೂ ಬ್ಯಾಟರಿಗೂ ಜಾಗ ಬೇಕಲ್ವಾ, ಹಾಗಾಗಿ ಅಳತೆ ಸ್ವಲ್ಪ ಆಚೀಚೆ ಆಗಬಹುದು. ಸುಮ್ನೆ ಗೋಡೆಗೆ ಇಡೋದಾದರೆ ಸದ್ದಿಲ್ಲದ್ದೇ ವಾಸಿ.

ಆಮೇಲೆ ನಕಲನ್ನು ಯಾವುದರಿಂದ ಮಾಡಿದ್ದಾರೆ ಅಂತ ಬರಹದಲ್ಲಿ ಕೇಳಿ. 'ಪ್ರೀಮಿಯಂ' ಅನ್ನೋದು ಉತ್ತರ ಅಲ್ಲ. ಲಾರ್ಡ್ ಆಫ್ ದ ರಿಂಗ್ಸ್ ಕತ್ತಿಗಳ ಲೈಸೆನ್ಸ್ ನಕಲಿನಲ್ಲಿ ಅಲಗಿಗೆ ಹೆಚ್ಚಾಗಿ 420 ಸ್ಟೀಲ್ ಇರುತ್ತದೆ. ಹೆಸರು ಕೇಳಿ ನಗಬೇಡಿ, ಅದು ಉಕ್ಕಿನ ನಂಬರ್ರು, ಮೋಸ ಅಲ್ಲ. ಸ್ಟೇನ್‌ಲೆಸ್ ಆದ್ದರಿಂದ ಬೇಗ ತುಕ್ಕು ಹಿಡಿಯಲ್ಲ. ಹೈ ಕಾರ್ಬನ್ ಸ್ಟೀಲ್ ಕೇಳೋಕೆ ಜೋರಾಗಿದೆ, ನಮ್ಮ ಆಗುಂಬೆ ಮಳೆಗೆ ಅದು ತಡೆಯಲ್ಲ, ವಾರಕ್ಕೊಮ್ಮೆ ಎಣ್ಣೆ ಸವರುತ್ತಾ ಕೂರಬೇಕು.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಮೊದಲ ಕತ್ತಿ ಬಂದಾಗ ಅದರ ಚರ್ಮದ ಒರೆಯಲ್ಲೇ ಇಟ್ಟು ಬೀರುವಿನ ಮೇಲೆ ಮಲಗಿಸಿದೆ. ಜೂನ್‌ನಲ್ಲಿ ಇಟ್ಟಿದ್ದು, ಗಣೇಶನ ಹಬ್ಬಕ್ಕೆ ತೆಗೆದರೆ ಅಲಗಿನ ತುಂಬಾ ಕಂದು ಚುಕ್ಕೆ, ಒರೆಗೆ ಬೂಷ್ಟು. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಅದರಲ್ಲಿ ಹದ ಮಾಡಿದ ರಸಾಯನವೂ ಉಳಿದಿರುತ್ತದೆ. ಕತ್ತಿ ಬೇರೆ, ಒರೆ ಬೇರೆ ಇಡಬೇಕು. ಅತ್ತೆ ಬಂದು ನೋಡಿ, 'ಇದರಲ್ಲಿ ಅಡಿಕೆನಾದ್ರೂ ಸುಲಿಬಹುದೇನೋ?' ಅಂದರು. ಆಗಲ್ಲ, ಅದಕ್ಕೆ ಹರಿತವೇ ಇಲ್ಲ.

ಮಲೆನಾಡಿನಲ್ಲಿ ಇನ್ನೊಂದು ಶತ್ರು ಪಿಯು ಲೆದರ್, ಅಂದರೆ ಪ್ಲಾಸ್ಟಿಕ್ ಲೇಪದ ನಕಲಿ ಚರ್ಮ. ಮುಟ್ಟದೇ ಇಟ್ಟರೂ ತೇವಕ್ಕೆ ಕೆಲವು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಹಿಡಿಗೆ, ಬೆಲ್ಟಿಗೆ ಅದನ್ನೇ ಹಾಕಿದ್ದರೆ ದೊಡ್ಡ ಬೆಲೆ ಕೊಡಬೇಡಿ. ಬ್ಯಾಟರಿಯನ್ನು ಒಳಗೇ ಬಿಡಬೇಡಿ, ಸೋರಿ ಎಲ್ಲಾ ಹಾಳಾಗುತ್ತದೆ.

'ಲಿಮಿಟೆಡ್ ಎಡಿಷನ್' ಅಂದರೆ ಎಷ್ಟು ಅಂತ ಸಂಖ್ಯೆ ಕೇಳಿ. ಐನೂರಕ್ಕೂ ಹತ್ತು ಸಾವಿರಕ್ಕೂ ಅದೇ ಪದ ಬಳಸುತ್ತಾರೆ. ಮುಂದೆ ಮಾರಿದರೆ ಲಾಭ ಅನ್ನೋರಿಗೆ ಒಂದು ಮಾತು: ಇಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟ ಆಗಿಹೋದ ಬೆಲೆ ನೋಡಿ. ಜತೆಗೆ ಡಬ್ಬ, ಸರ್ಟಿಫಿಕೇಟ್ ಎಲ್ಲಾ ಹೊಸದರ ಹಾಗೆ ಇರಬೇಕು. ನಮ್ಮಲ್ಲಿ ರಟ್ಟಿನ ಡಬ್ಬ ಒಂದು ಮಳೆಗಾಲ ದಾಟಿದರೆ ಪುಣ್ಯ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗೋಡೆಗೆ ತಾಗದಂತೆ ಅಟ್ಟದಲ್ಲಿಡಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್ ಎಲ್ಲಾ ಸೇರಿಸಿಯೇ ಬೆಲೆ ಅನ್ನಿ. ಶಿವಮೊಗ್ಗದಲ್ಲಿ ಇದನ್ನು ವಾಪಸ್ ಕೊಳ್ಳುವವರು ಬೆರಳೆಣಿಕೆ.

ಮಂತ್ರದಂಡದಂಥ ಮರದ ಸಾಮಾನಾದರೆ ನಾನು ಲೈಸೆನ್ಸ್ ತಲೆಗೇ ಹಾಕಿಕೊಳ್ಳಲ್ಲ. ಅಂಗಡಿಯದ್ದು ಎಷ್ಟೋ ಸಲ ಮರವೇ ಅಲ್ಲ, ರೆಸಿನ್ ಅನ್ನೋ ಪ್ಲಾಸ್ಟಿಕ್ಕಿನಂಥದ್ದರ ಎರಕ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವ ಕೈ ನೋಡಿದ್ದೀರಲ್ವಾ? ನಿಮ್ಮ ಬಳಕೆಗೆ ಒಂದೇ ಒಂದು ಬೇಕು ಅಂತ ಫೋಟೋ, ಅಳತೆ ತಗೊಂಡು ಹೋಗಿ ಶಿವನಿ ಮರದಲ್ಲಿ ಆಗುತ್ತಾ ಅಂತ ಕೇಳಿ. ಮಳೆಗಾಲಕ್ಕೆ ಮುಂಚೆ ಹೋಗಿ, ಒಣಗಿದ ಮರ ಸಿಗುತ್ತದೆ.